ಜೀಪಿನ ಸುಪ್ರಭಾತ

ಪ್ರಾತಃಕಾಲದಲ್ಲಿ ಏಳಲಾರದ ಮನುಷ್ಯನನ್ನು ಲೋಕವು ಸೋಮಾರಿಯೆಂದು ಜರೆದು ಮುಂದೆ ಹೋಗುತ್ತದೆ. ಏಳಲಾರದ ಡೀಸೆಲ್ ವಾಹನದ ಸುತ್ತ ಮಾತ್ರ ಅದೇ ಲೋಕವು ನೆರೆದು, ಅದರ ಆರೋಗ್ಯವನ್ನು ವಿಚಾರಿಸಿ, ಬೆನ್ನು ತಟ್ಟಿ, ಹೊಟ್ಟೆಯ ಕೆಳಗೆ ಕೆಂಡವನ್ನಿಟ್ಟು ಉಪಚರಿಸುತ್ತದೆ. ಇದು ಪಕ್ಷಪಾತವೆಂದು ಬಹುಕಾಲ ಭಾವಿಸಿದ್ದ ನನಗೆ, ಧನುರ್ಮಾಸದ ಚಳಿಯಲ್ಲಿ ಬೇತಮಂಗಲದ ಕೆರೆಯ ಬಳಿ ಡೇರೆ ಹಾಕಿ ಮಲಗುವ ನಮ್ಮ ಭಾವನವರ ಹವ್ಯಾಸದಲ್ಲಿ ಪಾಲುಗೊಳ್ಳತೊಡಗಿದಂದಿನಿಂದ, ಇದರಲ್ಲಿ ನ್ಯಾಯವೂ ಉಂಟೆಂಬುದು ಮನದಟ್ಟಾಗಿದೆ.

ಕೋಲಾರದ ಚಿನ್ನದ ಗಣಿಗಳ ಸೀಮೆಯಲ್ಲಿರುವ ನಮ್ಮ ಚಾಂಪಿಯನ್ ರೀಫ್ಸ್ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದ ಬಯಲುಸೀಮೆ. ಮಾರ್ಗಶಿರ ಪುಷ್ಯಗಳಲ್ಲಿ ಸೈನೈಡ್ ದಿಬ್ಬಗಳನ್ನು ಸವರಿಕೊಂಡು ಬರುವ ಕುಳಿರ್ಗಾಳಿಗೆ ಹೆದರಿ, ಬೆಂಗಳೂರಿನ ಕೆಲಸಕ್ಕಾಗಿ ಕತ್ತಲಲ್ಲೇ ಮಾರಿಕುಪ್ಪಂ ರೈಲು ಹಿಡಿಯಬೇಕಾದವರನ್ನುಳಿದು ಮಿಕ್ಕವರೆಲ್ಲ ಕಂಬಳಿಯೊಳಗೇ ಸೂರ್ಯೋದಯವನ್ನು ಊಹಿಸಿಕೊಳ್ಳುತ್ತಾರೆ. ಇಂಥ ಋತುವಿನಲ್ಲಿ, ಗೋಡೆ ಛಾವಣಿಗಳುಳ್ಳ ಸ್ವಂತ ಮನೆಯನ್ನು ಬಿಟ್ಟು, ಅನತಿದೂರದ ಕೆರೆಯ ಪಕ್ಕದಲ್ಲಿ ಬಟ್ಟೆಯ ಮರೆಯಲ್ಲಿ ಮಲಗುವುದರ ಪ್ರಯೋಜನವೇನೆಂದು ನಮ್ಮಕ್ಕ ಒಮ್ಮೆ ಕೇಳಿದ್ದಕ್ಕೆ ಭಾವನವರು ‘ಪ್ರಕೃತಿ’ ಎಂದು ಒಂದೇ ಮಾತಿನಲ್ಲಿ ಉತ್ತರವಿತ್ತರು. ಆ ಪ್ರಕೃತಿಯಾದರೋ ರಾತ್ರಿಯೆಲ್ಲ ಡೇರೆಯ ಸಂದಿನಿಂದ ನುಸುಳಿ ನಮ್ಮನ್ನು ನಡುಗಿಸಿದ್ದು ಸಾಲದೆ, ಹೊರಗೆ ಮಂಜಿನಲ್ಲಿ ನಿಂತ ಹಳೆಯ ಜೀಪಿನ ಎಂಜಿನ್ ಆಯಿಲನ್ನೂ ಜೋನಿಬೆಲ್ಲದಂತೆ ಮಂದವಾಗಿಸಿರುತ್ತದೆ.

ಪೆಟ್ರೋಲಿನ ಎಂಜಿನ್ನಿಗೆ ಹೊತ್ತು ಹೊತ್ತಿಗೆ ಕಿಡಿಯನ್ನು ಒದಗಿಸುವ ಪ್ಲಗ್ಗೆಂಬ ಪರಿಚಾರಕನುಂಟು. ಡೀಸೆಲ್ಲಿನದು ಸ್ವಾವಲಂಬನೆಯ ವ್ರತ. ಸಿಲಿಂಡರಿನೊಳಕ್ಕೆ ಬಂದ ಗಾಳಿಯನ್ನು ಸುಮಾರು ಇಪ್ಪತ್ತನೆಯ ಒಂದು ಪಾಲಿಗೆ ಅದುಮಿ, ಆ ಒತ್ತಡದಿಂದಲೇ 500 ಡಿಗ್ರಿಯನ್ನು ಮೀರಿದ ಕಾವನ್ನು ಹುಟ್ಟಿಸಿ, ಅಲ್ಲಿಗೆ ಡೀಸೆಲನ್ನು ತುಂತುರಾಗಿ ಎರಚಿದಾಗ ಅದು ತಾನಾಗಿಯೇ ಹೊತ್ತಿಕೊಳ್ಳಬೇಕು. ಈ ಉಪಾಯಕ್ಕೆ 1892ರಲ್ಲಿ ಪೇಟೆಂಟ್ ಬೇಡಿ, 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಎಂಜಿನ್ನನ್ನು ಓಡಿಸಿ ತೋರಿದ ರುಡಾಲ್ಫ್ ಡೀಸೆಲ್ ಮಹಾಶಯನು ಶೈತ್ಯಯಂತ್ರಗಳ ಆಚಾರ್ಯನೆನಿಸಿದ ಕಾರ್ಲ್ ಫಾನ್ ಲಿಂಡೆಯ ಶಿಷ್ಯ. ಓದು ಮುಗಿದ ಮೇಲೆ ಪ್ಯಾರಿಸ್ಸಿನಲ್ಲಿ ಗುರುವಿನ ಮಂಜುಗಡ್ಡೆಯ ಯಂತ್ರಗಳನ್ನು ನೋಡಿಕೊಂಡಿದ್ದವನು. ಹೀಗೆ ಹಿಮದ ಅನ್ನವನ್ನುಂಡವನು ಮುಂದೆ ಬೆಂಕಿಯ ಯಂತ್ರವನ್ನು ನಿರ್ಮಿಸುವಾಗ, ಹಳೆಯ ಋಣವನ್ನು ಮರೆಯಲಾರದೆಯೋ ಏನೋ, ಚಳಿಯ ವಿಷಯದಲ್ಲಿ ಒಂದಿಷ್ಟು ದಾಕ್ಷಿಣ್ಯವನ್ನು ಅದರಲ್ಲಿ ಉಳಿಸಿಬಿಟ್ಟನು. ಮುಂಜಾವದ ಗಾಳಿ ಶೀತಲ, ಸುತ್ತಲಿನ ಕಬ್ಬಿಣ ಅದಕ್ಕಿಂತ ಶೀತಲ. ಅದುಮಿ ಹುಟ್ಟಿಸಿದ ಕಾವನ್ನು ಆ ಕಬ್ಬಿಣವೇ ನುಂಗಿಬಿಡುತ್ತದೆ. ಆಯಿಲ್ ಮಂದವಾದ್ದರಿಂದ ಎಂಜಿನ್ ನಿಧಾನವಾಗಿ ಸುತ್ತುತ್ತದೆ. ನಿಧಾನವಾದಷ್ಟೂ ಅದುಮಿದ ಗಾಳಿ ಪಿಸ್ಟನ್ ರಿಂಗುಗಳ ಸಂದಿನಿಂದ ಜಾರಿಹೋಗುತ್ತದೆ.

ಈ ಕೊರತೆಯನ್ನು ನೀಗಲೆಂದೇ ಹೀಟರ್ ಪ್ಲಗ್ಗುಗಳಿವೆ. ಕೀಲಿಯನ್ನು ಅರ್ಧ ತಿರುಗಿಸಿದರೆ ಮೀಟರುಗಳ ನಡುವೆ ಸುರುಳಿಯಾಕಾರದ ಹಳದಿ ದೀಪವೊಂದು ಬೆಳಗುತ್ತದೆ. ಒಳಗೆ ಪೆನ್ಸಿಲಿಗಿಂತ ತೆಳ್ಳಗಿನ ಲೋಹದ ಕಡ್ಡಿಗಳ ತುದಿ ಕೆಂಪಗೆ ಕಾಯತೊಡಗುತ್ತದೆ. ದೀಪ ಆರುವ ತನಕ ಸುಮ್ಮನಿರಬೇಕೆಂಬುದೇ ಇದರ ಶಾಸ್ತ್ರ. ಮನುಷ್ಯಜಾತಿಗೆ ಇದಕ್ಕಿಂತ ಕಠಿಣವಾದ ಶಾಸ್ತ್ರವನ್ನು ಯಾರೂ ವಿಧಿಸಿಲ್ಲ. ಭಾವನವರು ಮಫ್ಲರನ್ನು ಬಿಗಿದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಕೀಲಿಯ ಮೇಲೆ ಎರಡು ಬೆರಳುಗಳನ್ನಿಟ್ಟು ಆ ದೀಪವನ್ನೇ ದೃಷ್ಟಿಸುವಾಗ, ಸುತ್ತ ನಿಂತವರು ಕೆಮ್ಮು ಬಂದರೂ ತಡೆದುಕೊಳ್ಳಬೇಕು.

“ಸಾಕು ಬಿಡಪ್ಪಾ, ಸೆಲ್ಫ್ ಹೊಡಿ,” ಎಂದು ಮಗ ಚಡಪಡಿಸುತ್ತಾನೆ.

“ಸುಮ್ನಿರೋ! ದೀಪ ಇನ್ನೂ ಉರೀತಿದೆ.”

ಇಂಜಿನಿಯರಿಂಗ್ ಓದುವ ಈ ಕುಮಾರನಿಗೆ ಟ್ಯಾಂಕಿನಲ್ಲಿ ಡೀಸೆಲ್ಲೇ ಹೆಪ್ಪುಗಟ್ಟಿರಬೇಕೆಂಬ ಸಂಶಯ. ಡೀಸೆಲ್ಲಿನೊಳಗಿನ ಮೇಣ ಚಳಿಗೆ ಗಟ್ಟಿಯಾಗುವುದು ನಿಜವೇ. ಲಡಾಖಿನ ಜನರ ಈ ಕಷ್ಟವನ್ನು ಕಂಡು, ಶೂನ್ಯಕ್ಕಿಂತ 33 ಡಿಗ್ರಿ ಕೆಳಗೂ ಹರಿಯಬಲ್ಲ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ ಸಂಸ್ಥೆ 2019ರಲ್ಲಿ ಅಲ್ಲಿಗೆ ಒದಗಿಸಿತು. ಆದರೆ ಮೈಯೆಲ್ಲ ಶಾಲು ಹೊದ್ದರೆ ಕಾಫಿ ಬರುವ ತನಕ ಹೇಗೋ ತಡೆಯಬಹುದಾದ ಕೋಲಾರದ ಚಳಿಗೆ ಅಷ್ಟು ದೊಡ್ಡ ಗೌರವ ಸಲ್ಲದು.

ಅಂತೂ ದೀಪ ಆರುತ್ತದೆ. ಕೀಲಿ ತಿರುಗುತ್ತದೆ. ಜೀಪು ಒಮ್ಮೆ ನರಳಿ, ಇನ್ನೊಮ್ಮೆ ಅರೆನರಳಿ, ‘ಟಕ್’ ಎಂದು ಮೌನವ್ರತವನ್ನು ಕೈಕೊಳ್ಳುತ್ತದೆ. ಬ್ಯಾಟರಿ ಡೌನ್. 1902ರಲ್ಲೇ ಶಿವನಸಮುದ್ರದ ಕಾವೇರಿಯಿಂದ 92 ಮೈಲಿ ದೂರ ತಂತಿಯ ಮೇಲೆ ನಡೆದುಬಂದು ನಮ್ಮ ಗಣಿಗಳ ಯಂತ್ರಗಳನ್ನು ತಿರುಗಿಸಿದ ವಿದ್ಯುಚ್ಛಕ್ತಿಯು, ಅದೇ ಚಿನ್ನದ ಸೀಮೆಯಲ್ಲಿ ಬ್ಯಾಟರಿಯಿಂದ ಸೆಲ್ಫಿನವರೆಗಿನ ಎರಡು ಮೊಳವನ್ನು ಕ್ರಮಿಸಲಾರದೆ ಕುಳಿತುಬಿಡುವುದನ್ನು ಕಂಡಾಗ, ಪ್ರಗತಿಯೆಂಬುದರ ವಿಷಯದಲ್ಲಿ ಮನುಷ್ಯನಿಗೆ ವೈರಾಗ್ಯವೊದಗುವುದು ಸಹಜ.

ಈ ನಿಶ್ಶಬ್ದದಲ್ಲಿಯೇ ಸಲಹೆಗಾರರು ಅವತರಿಸುತ್ತಾರೆ. ನಿರ್ಜನವೆಂದು ನಾವು ಆರಿಸಿಕೊಂಡಿದ್ದ ಆ ಸ್ಥಳದಲ್ಲಿ ಬಲೆ ಹೊತ್ತ ಮೀನುಗಾರರು, ಕ್ಯಾನು ಕಟ್ಟಿದ ಸೈಕಲ್ಲಿನ ಹಾಲಿನವರು, ವಾಯುಸೇವನೆಗೆ ಬಂದ ನಿವೃತ್ತರು ಎಲ್ಲಿಂದಲೋ ಉದ್ಭವಿಸಿ, ಕನ್ನಡ ತೆಲುಗು ತಮಿಳುಗಳಲ್ಲಿ ರೋಗನಿದಾನಕ್ಕೆ ತೊಡಗುತ್ತಾರೆ. ಬೆಮೆಲ್ ಕಾರ್ಖಾನೆಯಲ್ಲಿ ಬುಲ್ಡೋಜರುಗಳ ನಡುವೆ ಆಯುಷ್ಯವನ್ನು ಸವೆಸಿದ ಹಿರಿಯರೊಬ್ಬರಿಗಂತೂ ಜೀಪೆಂಬುದು ಗೊಂಬೆ. ಅದರ ಕಾಯಿಲೆಗೆ ಕಿವಿಗೊಡುವುದೇ ಅವರ ಅನುಭವಕ್ಕೆ ಅವಮಾನ. ಹಾಲಿನವನು ನಮ್ಮ ಒಲೆಯ ಕೆಂಡವನ್ನು ತಗಡಿನ ಮೇಲೆ ಹರಡಿ, ಚೇಂಬರಿನ ಕೆಳಕ್ಕೆ ತಳ್ಳಿ, ಕಾಫಿಯ ನೀರನ್ನು ಅರ್ಧದಲ್ಲೇ ಅನಾಥವಾಗಿಸುತ್ತಾನೆ. ನಮ್ಮ ಜೊತೆಯಲ್ಲೇ ಬಂದಿದ್ದ, ಚಾಂಪಿಯನ್ ರೀಫ್ ಗಣಿಯ ನಿವೃತ್ತ ಮೇಸ್ತ್ರಿಗಳು ಮಾತ್ರ ಅವಸರಪಡದೆ ಬಾನೆಟ್ಟಿನೊಳಕ್ಕೆ ಬಗ್ಗಿ, “ವಸಿ ತಾಳಿ ಸಾರ್, ಏರ್ ಹಿಡಿದೈತೆ,” ಎಂದು ತೀರ್ಪಿತ್ತರು. ಫಿಲ್ಟರಿನ ಸ್ಕ್ರೂವನ್ನು ಒಂದು ಸುತ್ತು ಸಡಿಲಿಸಿ, ಕೈಪಂಪಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋದಂತೆ, ಮೊದಲು ಬರಿಯ ನೊರೆ, ಆಮೇಲೆ ಗುಳ್ಳೆ ಬೆರೆತ ಎಣ್ಣೆ, ಕಡೆಗೆ ಒಂದೇ ಎಳೆಯಾದ ನಿರ್ಮಲ ಡೀಸೆಲ್ ಜಿನುಗಿತು. ಒಡನೆಯೇ ಸ್ಕ್ರೂ ಬಿಗಿದು, ಬೆರಳನ್ನು ಪಂಚೆಗೆ ಒರೆಸಿಕೊಂಡರು.

ಕೆಂಡಕ್ಕೆ ಚೇಂಬರು ಕಾಯುವ ತನಕ ಅವರಾಡಿದ ಮಾತು ಗಣಿಯದು. ಮೂರು ಕಿಲೋಮೀಟರಿಗೂ ಮಿಗಿಲಾದ ಆ ಆಳದಲ್ಲಿ ಬಂಡೆಯ ಕಾವು 60 ಡಿಗ್ರಿಯನ್ನು ಮೀರುತ್ತಿತ್ತು. ಬಂಡೆಯಷ್ಟೇ ಏಕೆ, ಉಸಿರಾಟಕ್ಕೆಂದು ಮೇಲಿನಿಂದ ಇಳಿಯುವ ಗಾಳಿಯೂ ತನ್ನ ಮೇಲಿನ ಗಾಳಿಯ ಭಾರಕ್ಕೆ ತಾನೇ ಅದುಮಿಕೊಂಡು, ಕಿಲೋಮೀಟರಿಗೆ ಹತ್ತಿರ ಹತ್ತಿರ 10 ಡಿಗ್ರಿಯಂತೆ ಕಾಯುತ್ತ ಹೋಗುತ್ತದೆ. ಡೀಸೆಲ್ ಮಹಾಶಯನ ಸಿದ್ಧಾಂತವನ್ನು ನಮ್ಮ ನೆಲವೇ ಕಲ್ಲಿನ ಸಿಲಿಂಡರಿನಲ್ಲಿ ಪ್ರತಿಪಾದಿಸುತ್ತಿತ್ತೆನ್ನಬೇಕು. ಅಲ್ಲಿ ದುಡಿಯುವವರು ಬೇಯಬಾರದೆಂದು ಗಾಳಿಯನ್ನು ತಣಿಸುವ ದೊಡ್ಡ ಶೈತ್ಯಯಂತ್ರಗಳನ್ನು ಹೂಡಿದ್ದರು. 2001ರಲ್ಲಿ ಗಣಿ ಮುಚ್ಚಿತು. ಕೆಳಗೆ ಕಾವು ಹೆಚ್ಚಾಯಿತೆಂದು ಗಾಳಿಗೆ ತಂಪೆರೆದ ಊರಿನವರೇ, ಮೇಲೆ ಕಾವು ಸಾಲದೆಂದು ಜೀಪಿನಡಿ ಕೆಂಡವನ್ನಿಟ್ಟು ಊದುತ್ತಿರುವುದನ್ನು ಕಂಡು ಮೇಸ್ತ್ರಿಗಳು ಮನಸಾರೆ ನಕ್ಕರು.

ಸರ್ವಪ್ರಯತ್ನಗಳಿಗೂ ಕೊನೆಯದು ತಳ್ಳುವಿಕೆ. ಗುಣತ್ರಯ ವಿಭಾಗದ ಪ್ರತ್ಯಕ್ಷ ದರ್ಶನವಾಗುವುದು ಇಲ್ಲಿಯೇ. ಸಾತ್ತ್ವಿಕನು ಮಾತಿಲ್ಲದೆ ಹಿಂದುಗಡೆ ಹೋಗಿ ಹೆಗಲು ಕೊಡುತ್ತಾನೆ, ರಾಜಸನು ಪಕ್ಕದಲ್ಲಿ ಓಡುತ್ತ “ಎರಡನೇ ಗೇರಿಗೆ ಹಾಕಿ, ಈಗ ಕ್ಲಚ್ ಬಿಡಿ!” ಎಂದು ಗರ್ಜಿಸುತ್ತಾನೆ, ತಾಮಸನು ಅಂಗೈಯನ್ನು ವಾಹನದ ಮೇಲೆ ಹಗುರವಾಗಿ ಇರಿಸಿ, ಮುಖದಲ್ಲಿ ಮಾತ್ರ ಭಾರವನ್ನೆಲ್ಲ ಪ್ರದರ್ಶಿಸುತ್ತ, ತಾನೇ ಅದರ ಆಧಾರದಿಂದ ಮುಂದೆ ಸಾಗುತ್ತಾನೆ. ಇಳಿಜಾರಿನ ಅರ್ಧದಲ್ಲಿ ಜೀಪು ಒಮ್ಮೆ ಬಿಕ್ಕಿ, ಬಿಳಿಯ ಹೊಗೆಯನ್ನು ಹಿಂದಿದ್ದ ಸಾತ್ತ್ವಿಕರ ಮುಖಕ್ಕೇ ಪ್ರಸಾದವಾಗಿ ವಿನಿಯೋಗಿಸಿ, ಗುಡುಗಿತು. ಎದ್ದ ಕೀರ್ತಿಯನ್ನು ಹಾಲಿನವನು ಕೆಂಡಕ್ಕೂ, ಮೇಸ್ತ್ರಿಗಳು ಕೈಪಂಪಿಗೂ, ಭಾವನವರು ಹಳದಿ ದೀಪಕ್ಕೂ ಸಲ್ಲಿಸಿದರು. ತಾಮಸನು ತನ್ನ ಅಂಗೈಯನ್ನು ನೋಡಿಕೊಂಡನು.

ಮನುಷ್ಯನ ಶೀಲವನ್ನು ಅರಿಯಲು ಇದಕ್ಕಿಂತ ಉತ್ತಮವಾದ ಪರೀಕ್ಷೆಯಿಲ್ಲವೆಂಬುದು ಹಿಂದಿರುಗುವ ದಾರಿಯಲ್ಲಿ ನಾನು ಮಂಡಿಸಿದ ಸಿದ್ಧಾಂತ. ವರನಿಗೆ ಸಂಬಳವೆಷ್ಟು, ನಕ್ಷತ್ರವಾವುದು ಎಂದು ವಿಚಾರಿಸುವ ಬದಲು, ಪುಷ್ಯಮಾಸದ ಬೆಳಗಿನ ಐದು ಗಂಟೆಗೆ ಡೀಸೆಲ್ ಜೀಪಿನ ಕೀಲಿಯನ್ನು ಅವನ ಕೈಗಿತ್ತು, ದೀಪ ಆರುವ ತನಕ ಕಾಯಬಲ್ಲನೇ, ಸಲಹೆಗಳನ್ನು ಕೇಳಿಯೂ ಸಿಡುಕದಿರಬಲ್ಲನೇ, ಹೆಗಲನ್ನು ಕೊಡುತ್ತಾನೋ ಅಂಗೈಯನ್ನೋ ಎಂಬುದನ್ನು ನೋಡಿದರೆ ಸಾಕು. ಜಾತಕದ ಮೂವತ್ತಾರು ಗುಣಗಳೂ ಅಲ್ಲಿಯೇ ಪ್ರಕಟವಾಗುತ್ತವೆ. ಭಾವನವರು ಸಮ್ಮತಿಸಿ, ಬಂಗಾರಪೇಟೆಯಿಂದ ಬಂದಿರುವ ಸಂಬಂಧವೊಂದನ್ನು ಮುಂದಿನ ಸಲ ಡೇರೆಗೆ ಕರೆಯೋಣವೆಂದರು. ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕುಳಿತಿದ್ದ ಅವರ ಮಗಳು ಈ ಇಬ್ಬರು ಹಿರಿಯರ ಮಾತನ್ನು ಕೊನೆಯವರೆಗೂ ಕೇಳಿಸಿಕೊಂಡು, “ಕರೀರಿ ಮಾವ, ನನ್ನ ಅಭ್ಯಂತರವೇನೂ ಇಲ್ಲ,” ಎಂದಳು, “ಆದರೆ ಅವರು ಹಿಂದಿನಿಂದ ತಳ್ಳಲಿ. ಕೀಲಿ ನನ್ನ ಕೈಲಿರುತ್ತೆ.”