ಫಳಫಳಣ್ಣನ ಅಭ್ಯಂಜನ

ಭಾನುವಾರ ಬೆಳಿಗ್ಗೆ ಆರೂವರೆಗೆ ಮೈಸೂರಿನ ಕುವೆಂಪುನಗರದ ಯಾವ ಅಡ್ಡರಸ್ತೆಗೆ ಹೋದರೂ ಸರಿ, ಒಂದು ಗೇಟಿನ ಮುಂದೆ ಅವನು ಕುಕ್ಕರಗಾಲಲ್ಲಿ ಕೂತಿರುತ್ತಾನೆ. ಎದುರಿಗೆ 350 ಸಿಸಿಯ ಬೈಕು, ಪಕ್ಕದಲ್ಲಿ ಎರಡು ಬಕೆಟ್ಟು, ಹೆಗಲ ಮೇಲೆ ಹಳೇ ಬನಿಯನ್ನು. ಅವನು ಸುರಿದ ಸೋಪಿನ ನೀರು ಇಳಿಜಾರು ಹಿಡಿದು ಹೊರಟು, ಪಕ್ಕದ ಮನೆಯ ರಂಗೋಲಿಯ ಮೂರು ಚುಕ್ಕಿಗಳನ್ನು ಜೊತೆಗೆ ಕರೆದುಕೊಂಡು ಚರಂಡಿ ಸೇರುತ್ತದೆ. ಆ ಮನೆಯಾಕೆ ಈಚೆಗೆ ಭಾನುವಾರದ ರಂಗೋಲಿಯನ್ನು ಗೇಟಿನ ಒಳಗೇ ಹಾಕಿಕೊಳ್ಳುತ್ತಿದ್ದಾರೆ.

ಹೆಸರು ಏನಾದರೂ ಇರಲಿ, ಬೀದಿಗೆ ಅವನು ಫಳಫಳಣ್ಣ. ವಯಸ್ಸು ನಲವತ್ತರ ಆಸುಪಾಸು; ಬ್ಯಾಂಕಿನಲ್ಲೋ ಸರ್ಕಾರಿ ಕಚೇರಿಯಲ್ಲೋ ಕೆಲಸ. ಆರು ದಿನ ಬೈಕು ಮನೆಯಿಂದ ಕಚೇರಿಗೆ ನಾಲ್ಕು ಕಿಲೋಮೀಟರು, ಕಚೇರಿಯಿಂದ ಮನೆಗೆ ನಾಲ್ಕು ಕಿಲೋಮೀಟರು ಓಡುತ್ತದೆ. ಏಳನೆಯ ದಿನ ಅದಕ್ಕೆ ಅಭ್ಯಂಜನ.

ಅಭ್ಯಂಜನ ಅಂದದ್ದು ಬಾಯಿ ಮಾತಿಗಲ್ಲ. ಟ್ಯಾಂಕಿಗೆ ಶಾಂಪೂ, ಚಕ್ರದ ಕಡ್ಡಿಗಳಿಗೆ ಹಳೇ ಟೂತ್‌ಬ್ರಷ್ಷು, ಎಂಜಿನ್ನಿನ ರೆಕ್ಕೆಗಳ ಸಂದಿಗೆ ಕಿವಿಗೆ ಹಾಕುವ ಹತ್ತಿಕಡ್ಡಿ, ಇಷ್ಟು ಮುಗಿದ ಮೇಲೆ ಎಣ್ಣೆಯ ಸರದಿ. ಮೊದಲು ಚೈನು. ಚೈನಿಗೆ ಬೇಕಾದದ್ದು ತೆಳ್ಳಗೆ ಒಂದು ಲೇಪ. ಇವನು ಸ್ಪ್ರೇ ಹೊಡೆಯುವುದು ಒಬ್ಬಟ್ಟಿಗೆ ತುಪ್ಪ ಸುರಿಯುವ ಲೆಕ್ಕದಲ್ಲಿ. ಆಮೇಲೆ ಟೈರು. ಕಾರಿನ ಅಲಂಕಾರದ ಅಂಗಡಿಯಿಂದ ತಂದ ಸಿಲಿಕೋನ್ ಪಾಲಿಶನ್ನು ಸ್ಪಂಜಿಗೆ ಹನಿಸಿಕೊಂಡು, ಬಾಣಂತಿಮನೆಯಲ್ಲಿ ಕೂಸಿನ ಬೆನ್ನು ನೀವುವ ಅಜ್ಜಿಯ ಶ್ರದ್ಧೆಯಲ್ಲಿ ಟೈರಿನ ಬದಿಗೆ ಹಚ್ಚುತ್ತಾನೆ. ಕೈ ಅಲ್ಲಿಗೇ ನಿಂತಿದ್ದರೆ ಅರ್ಧ ಅಪಾಯ ತಪ್ಪುತ್ತಿತ್ತು. ಅದು ನೆಲ ಮುಟ್ಟುವ ಭಾಗಕ್ಕೂ ಹೋಗುತ್ತದೆ, ಗ್ರೂವಿನ ಒಳಕ್ಕೂ ಇಳಿಯುತ್ತದೆ. ಯಾರಾದರೂ ಕೇಳಿದರೆ, "ಅರ್ಧ ಮುಖಕ್ಕೆ ಪೌಡರ್ ಹಾಕ್ಕೊಂಡು ಮದುವೆಗೆ ಹೋಗ್ತಾರೇನ್ರೀ?" ಅನ್ನುತ್ತಾನೆ. ಎಂಟು ಗಂಟೆಯ ಹೊತ್ತಿಗೆ ಎರಡೂ ಟೈರು ಕೆರೆಯಿಂದ ಆಗತಾನೇ ಎದ್ದುಬಂದ ಎಮ್ಮೆಯ ಹಾಗೆ ಮಿರಮಿರ ಮಿಂಚುತ್ತವೆ.

ಕಾರಿನವರು ಹಚ್ಚುತ್ತಾರೆ, ನಿಜ. ಕಾರು ತಿರುವಿನಲ್ಲಿ ವಾಲಿಕೊಂಡು ಓಡುವುದಿಲ್ಲ. ಅದರ ಟೈರಿನ ಪಕ್ಕೆ ನೆಲ ಮುಟ್ಟುವುದಿಲ್ಲ. ಬೈಕು ಮಗ್ಗುಲಾಗಲೇಬೇಕು, ಮಗ್ಗುಲಾದಾಗ ಟೈರಿನ ಭುಜವೇ ಅದರ ಪಾದ. ಆ ಪಾದ ನೆಲದ ಮೇಲೆ ಊರುವ ಜಾಗ ಅಂಗೈಗಿಂತ ದೊಡ್ಡದಲ್ಲ. ಅಲ್ಲಿಗೆ ಎಣ್ಣೆ ಸವರುವುದೂ ಒಂದೇ, ಬಚ್ಚಲಿನಲ್ಲಿ ಸೋಪು ಮೆಟ್ಟುವುದೂ ಒಂದೇ. ಬೈಕಿನ ಟೈರಿಗೆ ಇದನ್ನು ಹಚ್ಚಬೇಡಿ ಎಂದು ಹಲವು ಡಬ್ಬಿಗಳ ಮೇಲೆಯೇ ಬರೆದಿರುತ್ತದೆ. ಫಳಫಳಣ್ಣ ಡಬ್ಬಿಯ ಮೇಲೆ ಓದುವುದು ಬೆಲೆಯನ್ನು ಮಾತ್ರ.

ಈ ಗುಣ ಅವನಿಗೆ ಪಿತ್ರಾರ್ಜಿತವಾಗಿ ಬಂದದ್ದಲ್ಲ. ಅವನ ಅಪ್ಪ ಓಡಿಸಿದ್ದು ಯೆಜ್ಡಿ, ಊರಿನದೇ ಕೂಸು. ಯಾದವಗಿರಿಯಲ್ಲಿ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಗಾಡಿ. ಕೂರುವ ಮುಂಚೆ ಸೀಟನ್ನು ಕರವಸ್ತ್ರದಲ್ಲಿ ಎರಡು ಸಲ ಬಡಿಯುವುದು, ಅಷ್ಟೇ ಅವರ ಶುಚಿತ್ವ. ಟೈರಿನ ಮೇಲೆ ಊರಿನ ಕೆಂಪು ಮಣ್ಣೆಲ್ಲ ಇರುತ್ತಿತ್ತು, ಗಾಡಿ ಮಾತ್ರ ಎಲ್ಲೂ ಜಾರಲಿಲ್ಲ.

ಎದುರು ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ, ಮೇಟಗಳ್ಳಿಯ ವಿಕ್ರಾಂತ್ ಟೈರ್ಸಿನಲ್ಲಿ ದುಡಿದವರು. 1997ರಲ್ಲಿ ಅದು ಜೆಕೆಯವರ ಕೈಗೆ ಹೋದ ಮೇಲೂ ಅವರ ಬಾಯಲ್ಲಿ ವಿಕ್ರಾಂತ್ ವಿಕ್ರಾಂತೇ. ಫಳಫಳಣ್ಣ ಟೈರಿನ ಕಂದುಬಣ್ಣವನ್ನು ಪೆಟ್ರೋಲ್ ಬಟ್ಟೆಯಲ್ಲಿ ತಿಕ್ಕುವುದನ್ನು ಕಂಡಾಗಲೆಲ್ಲ ಅವರಿಗೆ ಹೊಟ್ಟೆ ಉರಿಯುತ್ತದೆ.

"ಅದು ಕೊಳೆ ಅಲ್ಲ ಕಣಪ್ಪಾ, ಔಷಧ," ಅನ್ನುತ್ತಾರೆ. ಗಾಳಿಯ ಓಝೋನು ತಗುಲಿ ರಬ್ಬರು ಸೀಳದಿರಲೆಂದು ಟೈರಿನ ಮಿಶ್ರಣಕ್ಕೆ ಮೇಣವನ್ನೂ 6ಪಿಪಿಡಿ ಎಂಬ ರಾಸಾಯನಿಕವನ್ನೂ ಸೇರಿಸಿರುತ್ತಾರೆ. ಅದು ನಿಧಾನಕ್ಕೆ ಒಳಗಿನಿಂದ ಮೇಲಕ್ಕೆ ಬರುತ್ತದೆ. ತನ್ನ ಕೆಲಸ ಮಾಡಿ ಕಂದಾಗುತ್ತದೆ. ಪೆಟ್ರೋಲು, ಡೀಸೆಲ್ಲು, ಸೀಮೆಎಣ್ಣೆ ಯಾವುದರಲ್ಲಿ ಉಜ್ಜಿದರೂ ಆ ರಕ್ಷೆಯೂ ಹೋಗುತ್ತದೆ, ರಬ್ಬರೂ ಕೆಡುತ್ತದೆ. ನೀರು, ಸ್ವಲ್ಪ ಸೋಪು, ಒಂದು ಬ್ರಷ್ಷು, ಇಷ್ಟರಲ್ಲಿ ಟೈರಿನ ಸ್ನಾನ ಮುಗಿಯಬೇಕು.

"ಹೌದಾ ಅಂಕಲ್?" ಅನ್ನುತ್ತಾನೆ ಫಳಫಳಣ್ಣ, ಬಟ್ಟೆಗೆ ಇನ್ನಷ್ಟು ಪೆಟ್ರೋಲು ಹಾಕಿಕೊಳ್ಳುತ್ತಾ.

ಅಭ್ಯಂಜನ ಮುಗಿದ ಮೇಲೆ ಉತ್ಸವ, ಅಂದರೆ ಚಾಮುಂಡಿಬೆಟ್ಟ. ಪೇಟೆ ದಾಟುವವರೆಗೆ ಅವನು ಗಾಡಿಯನ್ನು ಅತ್ತಿತ್ತ ಹಾವಿನಂತೆ ಬಳುಕಿಸುತ್ತಾನೆ. 2023ರ ಸೆಪ್ಟೆಂಬರಿನಲ್ಲಿ ಬುದ್ಧ ಸರ್ಕ್ಯೂಟಿನಲ್ಲಿ ಮೋಟೋಜಿಪಿ ನಡೆದಾಗ ಟೀವಿ ಮುಂದೆ ಕೂತು ಕಲಿತ ವಿದ್ಯೆ ಅದು: ಟೈರು ಬಿಸಿಯಾಗಬೇಕಂತೆ. ಅಲ್ಲಿಯವರು ಕರೆಂಟಿನ ಕಂಬಳಿ ಹೊದಿಸಿ ಟೈರನ್ನು ಬಿಸಿಮಾಡಿಕೊಂಡೇ ಟ್ರ್ಯಾಕಿಗೆ ಇಳಿಯುತ್ತಾರೆ, ಅವರ ಟೈರಿನ ರಬ್ಬರೇ ಬೇರೆ ಎಂಬುದು ಅವನ ಕಣ್ಣಿಗೆ ಬೀಳಲಿಲ್ಲ. ಆ ಟೈರುಗಳಲ್ಲಿ ಗ್ರೂವೇ ಇರುವುದಿಲ್ಲ ಎಂಬುದೂ ಬೀಳಲಿಲ್ಲ. ಗ್ರೂವು ಹೆಚ್ಚಿದ್ದಷ್ಟೂ ಹಿಡಿತ ಹೆಚ್ಚು ಎಂದು ಅವನು ಕಚೇರಿಯಲ್ಲೆಲ್ಲ ಸಾರಿದ್ದಾನೆ. ಗ್ರೂವು ಇರುವುದು ಮಳೆಯ ನೀರು ಆಚೆ ಹೋಗಲಿ ಎಂದು, ಮನೆಯ ಬಚ್ಚಲಮೋರಿಯ ಹಾಗೆ. ಒಣ ರಸ್ತೆಯಲ್ಲಿ ಹಿಡಿಯುವುದು ಬರಿ ರಬ್ಬರು.

ಮಾತಿನಲ್ಲಿ ಇಷ್ಟು ವಾಲುವ ಮನುಷ್ಯ ತಿರುವಿನಲ್ಲಿ ವಾಲುವುದೇ ಇಲ್ಲ. ಅವನು ಶುದ್ಧ ಸಸ್ಯಾಹಾರಿ, ಆದರೆ ಅವನ ಹಿಂದಿನ ಟೈರಿನ ಎರಡೂ ಅಂಚಿನಲ್ಲಿ ಎರಡೆರಡು ಬೆರಳಗಲ 'ಚಿಕನ್ ಸ್ಟ್ರಿಪ್'. ರಸ್ತೆಯನ್ನು ಎಂದೂ ಮುಟ್ಟದೆ ಉಳಿದ ರಬ್ಬರಿಗೆ ಬೈಕಿನ ಹುಡುಗರು ಇಟ್ಟಿರುವ ಹೆಸರು ಅದು. ಬೆಟ್ಟದ ಮೇಲಿನ ಕಾಫಿ ಗಾಡಿಯ ಹತ್ತಿರ ಯಾರೋ ಕಾಲೇಜು ಹುಡುಗ ಅದನ್ನು ನೋಡಿ ನಕ್ಕನಂತೆ. ಮುಂದಿನ ವಾರ ಫಳಫಳಣ್ಣ ಮರಳುಕಾಗದ ತಂದು ಅಂಚನ್ನು ಉಜ್ಜಲು ಕೂತಾಗ ಎದುರು ಮನೆಯ ಹಿರಿಯರು ರಸ್ತೆ ದಾಟಿ ಬಂದು ಕಿತ್ತುಕೊಂಡರು.

ಏಪ್ರಿಲಿನಲ್ಲಿ ಮಾವಿನ ಮಳೆಯ ಮೊದಲ ಹನಿ ಬಿದ್ದ ಮಾರನೆಯ ಭಾನುವಾರ ಅವನು ಜಾರಿಬಿದ್ದ. ಬೆಳಿಗ್ಗೆಯೂ ಒಂದಿಷ್ಟು ತುಂತುರು ಇತ್ತು. ಬೇಸಗೆಯಿಡೀ ರಸ್ತೆಯ ಮೇಲೆ ಕೂತ ದೂಳು, ಬಸ್ಸುಗಳು ಸೋರಿಸಿದ ಡೀಸೆಲು, ಎಂಜಿನ್ ಎಣ್ಣೆ ಎಲ್ಲವೂ ಮೊದಲ ಮಳೆಗೆ ಎದ್ದು ತೇಲುತ್ತವೆ. ಸುರಿದು ತೊಳೆದುಹೋಗುವಷ್ಟು ಮಳೆ ಆಗಿರುವುದಿಲ್ಲ. ಎಡಕ್ಕೆ ಹೊರಳುವ ತಿರುವು. ನಡುವೆ ಒಂದು ಹಿಡಿ ಮರಳು. ಅದನ್ನೇ ದುರುಗುಟ್ಟಿ ನೋಡುತ್ತಾ, ಕೈ ಬಿಗಿಹಿಡಿದು, ವಾಲಿದ ಗಾಡಿಯಲ್ಲೇ ಬ್ರೇಕು ಒತ್ತಿದ. ನೋಡಿದ ಕಡೆಗೇ ಗಾಡಿ ಹೋಗುತ್ತದೆ, ಹೋಯಿತು. ವೇಗ ಕಡಿಮೆಯಿತ್ತು, ಹೆಲ್ಮೆಟ್ಟಿತ್ತು. ಮೊಣಕೈ ತರಚಿತು, ಕನ್ನಡಿ ಮುರಿಯಿತು. ಪೂಜೆಗೆಂದು ಕೊಂಡ ಬಾಳೆಹಣ್ಣಿನ ಚಿಪ್ಪನ್ನು ಮಾತ್ರ ಅವನು ಎದ್ದು ನಿಲ್ಲುವುದರೊಳಗೆ ಒಂದು ಕೋತಿ ಬುಟ್ಟಿ ಸಮೇತ ಮರಕ್ಕೆ ಸಾಗಿಸಿತು.

ಬಿದ್ದ ಮೇಲೆ ಅವನ ನಿಜವಾದ ಪ್ರತಿಭೆ ಹೊರಗೆ ಬಂತು. ತಪ್ಪು ಟೈರು ಮಾಡಿದವರದು. ತಪ್ಪು ರಸ್ತೆ ಹಾಕಿದವರದು. ಹೊರಡುವಾಗ ಎಲ್ಲಿಗೆ ಎಂದು ಕೇಳಿದ ಹೆಂಡತಿಯದು. ಹಿಂದೆಯೂ ಎರಡು ಸಲ ಗಾಡಿ ಜಾರಿದಂತಾದದ್ದು ಎಡಕ್ಕೆ ಹೊರಳುವಾಗಲೇ ಆದ್ದರಿಂದ ಇದರಲ್ಲಿ ದಿಕ್ಕಿನ ದೋಷವೂ ಇದ್ದೀತು. (ಅವನ ಬೈಕಿನ ಚೈನು ಇರುವುದು ಎಡಗಡೆ, ಸುರಿದ ಸ್ಪ್ರೇ ಚಕ್ರ ತಿರುಗಿದಾಗ ಸಿಡಿದು ಕೂರುವುದು ಹಿಂದಿನ ಟೈರಿನ ಎಡಭುಜದ ಮೇಲೆ. ಈ ದೋಷಕ್ಕೆ ಶಾಂತಿ ಮಾಡಿಸಲು ಒಂದು ಒಣ ಬಟ್ಟೆ ಸಾಕಿತ್ತು.) "ಎಬಿಎಸ್ ಇದ್ದೂ ಹೀಗಾಯ್ತಲ್ಲ!" ಎಂಬುದು ಅವನ ದೊಡ್ಡ ದುಃಖ. 2019ರ ಏಪ್ರಿಲಿನಿಂದ 125 ಸಿಸಿ ಮೀರಿದ ಬೈಕುಗಳಿಗೆಲ್ಲ ಅದು ಕಡ್ಡಾಯ. ಬ್ರೇಕು ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ಅದು ನೋಡಿಕೊಳ್ಳುತ್ತದೆ. ಮಗ್ಗುಲಾದ ಗಾಡಿಗೆ ಇಲ್ಲದ ಹಿಡಿತವನ್ನು ಎಲ್ಲಿಂದ ತಂದುಕೊಟ್ಟೀತು?

ಲೆಕ್ಕ ಕಷ್ಟದ್ದೇನಲ್ಲ. 15 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 20 ಕಿಲೋಮೀಟರಿನಲ್ಲಿ ಸುತ್ತಲು ಬೈಕು ಸುಮಾರು 12 ಡಿಗ್ರಿ ವಾಲಿದರೆ ಸಾಕು. 30ಕ್ಕೆ 25 ಡಿಗ್ರಿ ಬೇಕು. 40ಕ್ಕೆ 40 ಡಿಗ್ರಿ. ವೇಗ ಎರಡರಷ್ಟಾದರೆ ಟೈರು ಹಿಡಿಯಬೇಕಾದದ್ದು ನಾಲ್ಕರಷ್ಟು. ಒಳ್ಳೆಯ ಟೈರು ಒಣ ಡಾಂಬರಿನ ಮೇಲೆ ಅದನ್ನೂ ಹೇಗೋ ತೂಗಿಸೀತು. ಒದ್ದೆ ರಸ್ತೆಯಲ್ಲಿ, ಪಾಲಿಶ್ ಮೆತ್ತಿಕೊಂಡ ಟೈರಿಗೆ 25ನ್ನು ಕೇಳುವುದೇ ಹೆಚ್ಚು.

ಗಾಡಿಯನ್ನು ತಳ್ಳಿಕೊಂಡು ಹೋದದ್ದು ಪಂಕ್ಚರ್ ಅಂಗಡಿಗೆ. ಅಂಗಡಿಯವನು ಅದೇ ಪಾಲಿಶನ್ನು ಕಾರುಗಳಿಗೆ ಹಚ್ಚಿ ದುಡ್ಡು ಮಾಡುವವನೇ, ಉಪದೇಶಕ್ಕೆ ಹೊರಡಲಿಲ್ಲ. ಗೇಜು ಚುಚ್ಚಿ ನೋಡಿದ.

"ಯಾವಾಗ ಗಾಳಿ ಹಿಡಿಸಿದ್ರಿ ಸಾ?"

"ನೋಡ್ತಾನೇ ಇರ್ತೀನಿ." ನೋಡುವುದೆಂದರೆ ಹೊರಡುವ ಮುಂಚೆ ಟೈರಿಗೆ ಒಂದು ಒದೆ.

"ಹದಿನೆಂಟು ಐತೆ. ಮೂವತ್ತರ ಮೇಲಿರ್ಬೇಕು."

ಸರಿಯಾದ ಸಂಖ್ಯೆಯ ಚೀಟಿ ಚೈನಿನ ಮುಚ್ಚಳದ ಮೇಲೇ ಅಂಟಿಸಿತ್ತು. ವರ್ಷವಿಡೀ ಪ್ರತಿ ಭಾನುವಾರ ಅದನ್ನು ಒರೆಸಿ ಹೊಳೆಯಿಸಿದವನು ಅದರಲ್ಲೇನಿದೆ ಎಂದು ಒಂದು ಸಲವೂ ಓದಿರಲಿಲ್ಲ. ಅಂಗಡಿಯವನು ಟೈರಿನ ಬದಿಯನ್ನು ಬೆರಳಲ್ಲಿ ಉಜ್ಜಿದ. ಪಾಲಿಶ್ ಕಿತ್ತು ಬಂದ ಕಡೆ ಕೂದಲೆಳೆಯಂಥ ಬಿರುಕುಗಳು, ಬೇಸಗೆಯ ಕೆರೆಯಂಗಳದ ಹಾಗೆ. ಇನ್ನಷ್ಟು ಉಜ್ಜಿದಾಗ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಕಂಡವು: 3816.

"ಅದಕ್ಕೇ ನೋಡಿ ಈ ಟೈರು ತಗೊಂಡದ್ದು," ಫಳಫಳಣ್ಣನಿಗೆ ಇದ್ದಕ್ಕಿದ್ದಂತೆ ಹುರುಪು ಬಂತು. "ಮೂರು, ಎಂಟು, ಒಂದು, ಆರು. ಕೂಡಿದ್ರೆ ಹದಿನೆಂಟು. ಒಂದೂ ಎಂಟೂ ಒಂಬತ್ತು. ನನ್ನ ಲಕ್ಕಿ ನಂಬರ್ರು."

"2016ನೇ ಇಸವಿ, 38ನೇ ವಾರ ಸಾ," ಅಂದ ಅಂಗಡಿಯವನು. "ತಯಾರಾದ ದಿನಾಂಕ ಅದು."

ದಪ್ಪ ಇನ್ನೂ ಬೇಕಾದಷ್ಟಿತ್ತು. ಬೈಕಿನ ಟೈರಿಗೆ ಕಾನೂನು ಕೇಳುವುದು 0.8 ಮಿಲಿಮೀಟರ್ ಗ್ರೂವು; ಇದರಲ್ಲಿ ನಾಲ್ಕು ಮಿಲಿಮೀಟರಿಗೆ ಕೊರತೆಯಿರಲಿಲ್ಲ. ಆದರೆ ರಬ್ಬರು ಒಣಕೊಬ್ಬರಿಯಂತೆ ಸೆಟೆದುಕೊಂಡಿತ್ತು. ಉಗುರು ಊರಿದರೆ ಗುರುತು ಬೀಳಲಿಲ್ಲ.

ಶುಕ್ರವಾರ ಸಂಜೆ ಹೊಸ ಜೋಡಿ ಟೈರು ಬಂದವು. ಎದುರು ಮನೆಯ ಹಿರಿಯರು ಕನ್ನಡಕ ಏರಿಸಿಕೊಂಡು ಬಂದು ಮುಟ್ಟಿ ನೋಡಿ, ಮೈಯೆಲ್ಲ ಎದ್ದುನಿಂತಿದ್ದ ರಬ್ಬರಿನ ಕೂದಲುಗಳನ್ನು ತೋರಿಸಿದರು. ಅಚ್ಚಿನಲ್ಲಿ ಟೈರನ್ನು ಒತ್ತಿ ಬೇಯಿಸುವಾಗ ಗಾಳಿ ಆಚೆ ಹೋಗಲು ಸಣ್ಣ ತೂತುಗಳಿರುತ್ತವೆ. ಒರಳಿನಿಂದ ಶಾವಿಗೆ ಇಳಿದಂತೆ ರಬ್ಬರು ಅದರೊಳಗೆ ನುಗ್ಗಿ ಎಳೆಯಾಗುತ್ತದೆ. ಓಡಿದರೆ ತಾನೇ ಸವೆಯುತ್ತದೆ, ಇದ್ದರೂ ನಷ್ಟವಿಲ್ಲ. ಹೊಸ ಟೈರಿನ ಮೈ ನುಣುಪು. ಮೊದಲ ನೂರೈವತ್ತು ಕಿಲೋಮೀಟರು ಮೆಲ್ಲಗೆ ಹೋಗು, ತಿರುವಿನಲ್ಲಿ ದಿನಕ್ಕಿಷ್ಟೇ ಹೆಚ್ಚಿಸು, ಎಣ್ಣೆ ಮುಟ್ಟಿಸಬೇಡ ಎಂದು ಮೂರು ಸಲ ಹೇಳಿಹೋದರು. ಫಳಫಳಣ್ಣ ಮೂರು ಸಲವೂ ತಲೆ ಆಡಿಸಿದ. ಪಾಲಿಶ್ ಡಬ್ಬಿಯನ್ನು ಅವರ ಕಣ್ಣೆದುರೇ ಎತ್ತಿ ಅಟ್ಟದ ಮೇಲಿಟ್ಟ.

ಕೈ ಖಾಲಿಯಾಯಿತು. ದೀಪ ಹಚ್ಚುವ ಹೊತ್ತಿಗೆ ಒಳಗಿನಿಂದ ಅವನ ತಾಯಿಗೆ ಕಟಕ್, ಕಟಕ್ ಎಂಬ ಸದ್ದು ಕೇಳಿಸಿತು. ಬಾಗಿಲಿಗೆ ಬಂದು ನೋಡಿದರೆ ಮಗ ಕುಕ್ಕರಗಾಲಲ್ಲಿ ಕೂತು ತಲೆ ತಗ್ಗಿಸಿದ್ದಾನೆ, ಕೈಯಲ್ಲಿ ನೈಲ್ ಕಟರ್.

"ಶುಕ್ರವಾರ ಮುಸ್ಸಂಜೇಲಿ ಉಗುರು ತೆಗೀತಾ ಇದೀಯೇನೋ? ಮನೆಗೆ ಒಳ್ಳೇದಾಗುತ್ತೇನೋ?"

"ನಂದಲ್ಲಮ್ಮಾ," ಅಂದ ತಲೆ ಎತ್ತದೆ. "ಟೈರಿಂದು."