ಕೊನೆಗೆ ಬಂದ ಮದ್ದು

ಹನೂರು ಸೀಮೆಯಲ್ಲಿ ಚೇಳು ಕಡಿಯುವುದಾದರೆ ಹಗಲು ಕಡಿಯಬಾರದು. ಊರಿಗೆ ಊರೇ ವೈದ್ಯರಾಗಿಬಿಡುತ್ತದೆ. ಅತ್ತೆಮನೆ ಹಿತ್ತಲಲ್ಲಿ ಸೌದೆ ಎತ್ತುವಾಗ ನನ್ನ ಹೆಬ್ಬೆರಳಿಗೆ ಕೊಂಡಿ ತಾಗಿದ್ದೇ ತಡ, ‘ಚೋಳು ಕಡೀತಂತೆ’ ಎಂಬ ಸುದ್ದಿ ನನ್ನ ಕೂಗಿಗಿಂತ ಮೊದಲೇ ಬೀದಿ ಮುಟ್ಟಿತ್ತು.

ಅತ್ತೆ ಬೇಲಿಯಿಂದ ಉತ್ತರಾಣಿ ಕಿತ್ತು ಬೇರು ಜಜ್ಜಿ ಕಟ್ಟಿದರು. ಅದರ ತೆನೆಯ ಮುಳ್ಳೆಲ್ಲ ಪಂಚೆಗೆ ಹತ್ತಿ, ಬೆರಳು ಉರಿಯುತ್ತಿದ್ದಾಗ ತೊಡೆಗೂ ಒಂದು ಕೆಲಸ ಸಿಕ್ಕಿತು. ಎದುರುಮನೆ ಅಜ್ಜಿ ಹುಣಸೆಬೀಜವನ್ನು ಬಿಸಿಯಾಗುವಂತೆ ಕಲ್ಲಿಗೆ ತೇದು ಕಡಿದ ಜಾಗಕ್ಕೆ ಒತ್ತಿದರು. ಕಚ್ಚಿಕೊಂಡೇ ಬಿಟ್ಟಿತು! ‘ಇಸ ಹೀರ್ಕಂಡು ತಾನೇ ಬೀಳ್ತದೆ, ಮುಟ್ಬ್ಯಾಡ.’ ಯಳಂದೂರಿನ ಭಾವ ಫೋನಿನಲ್ಲೇ ತುಂಬೆಸೊಪ್ಪಿನ ರಸ ಹಿಂಡಿದರು. ಇಳಿಹೊತ್ತಿಗೆ ನಾಟಿವೈದ್ಯರು ಟವೆಲ್ಲಿನ ಮರೆಯಲ್ಲಿ ಸೊಪ್ಪು ಹಿಡಿದು ಬಂದರು. ಹೆಸರು ಹೇಳಿದರೆ ಗುಣ ಹೋಗುತ್ತದಂತೆ, ಕಾಸು ಮುಟ್ಟಿದರೂ ಹೋಗುತ್ತದಂತೆ. ಕಾಫಿ ಕುಡಿದರೆ ಹೋಗುವುದಿಲ್ಲ. ಸ್ವಲ್ಪ ಹೊತ್ತಿಗೆ ನೋವು ಇಳಿಯಿತು, ಕೀರ್ತಿಯೆಲ್ಲ ಟವೆಲ್ಲಿಗೆ ಹೋಯಿತು.

ಇಳಿಯದೆ ಏನು ಮಾಡೀತು? ಬಹುಪಾಲು ಚೇಳಿನ ನೋವು ದೊಡ್ಡವರಲ್ಲಿ ಕೆಲವು ಗಂಟೆ ಕುಣಿದು ತಾನೇ ಸುಸ್ತಾಗುತ್ತದೆ. ಆದರೆ ಕೆಂಪುಚೇಳು, ಅದರಲ್ಲೂ ಮಕ್ಕಳಿಗೆ ಕಡಿದರೆ, ಹೃದಯಕ್ಕೇ ಕೈಹಾಕುತ್ತದೆ. ಮಹಾರಾಷ್ಟ್ರದ ಮಹಾಡಿನ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅಂಥವರನ್ನು ಉಳಿಸಿದ್ದು ಪ್ರಾಜೋಸಿನ್ ಎಂಬ ರಕ್ತದೊತ್ತಡದ ಮಾತ್ರೆಯಿಂದ.

ಹಾವಿನ ಮದ್ದಿನ ಕಥೆಯೂ ಹೀಗೇ. ಅದಕ್ಕೆ ಹೆಸರು ತಂದುಕೊಡುವುದು ಕೇರೆಹಾವು, ನೀರೊಳ್ಳೆ. ಕಚ್ಚುತ್ತವೆ, ವಿಷವಿಲ್ಲ, ಈಶ್ವರಿಬೇರು ತೇದು ಕುಡಿಸಿದವನು ಧನ್ವಂತರಿ. ಆ ಬೇರಿನಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡಕ್ಕೆ ಶತ್ರು. ಕೇರೆ ಕಚ್ಚಿ ಬದುಕಿದವನಿಗೆ ಮದ್ದೇ ಕಚ್ಚೀತು. ಸೋಲಿಗರಷ್ಟು ಗಿಡ ಬಲ್ಲವರು ಈ ಸೀಮೆಯಲ್ಲಿ ಬೇರಿಲ್ಲ. ಅವರ ಬಿಳಿಗಿರಿರಂಗನ ಬೆಟ್ಟದಲ್ಲೂ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿ ಆಸ್ಪತ್ರೆ ನಡೆಸಬೇಕಾಯಿತು. 2024ರಿಂದ ಕರ್ನಾಟಕದಲ್ಲಿ ಹಾವು ಕಡಿದರೆ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಟವೆಲ್ಲಿನ ಮರೆಯ ಲೆಕ್ಕ ಮಾತ್ರ ಇನ್ನೂ ಟವೆಲ್ಲಿನ ಮರೆಯಲ್ಲೇ ಇದೆ.

ಯಾವ ಹಾವು ಎಂದು ಡಾಕ್ಟರು ಕೇಳಿದರೆ ನಮ್ಮವರ ಉತ್ತರ ಒಂದೇ: ‘ಮಾರುದ್ದ ಇತ್ತು ಸಾ.’ ಹನೂರಲ್ಲಿ ಮಾರುದ್ದ ಇದ್ದದ್ದು ಕೊಳ್ಳೇಗಾಲದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎರಡು ಮಾರು ಬೆಳೆದಿರುತ್ತದೆ. ಪುಣ್ಯಕ್ಕೆ ಹಾವಿನ ವಿಷ ಇಳಿಸುವ ಇಂಜೆಕ್ಷನ್ನಿಗೆ ಅಳತೆ ಬೇಕಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ನಾಲ್ಕಕ್ಕೂ ಒಂದೇ ಸೀಸೆ.