ಹರಿಯಲಿಕ್ಕೂ ನದಿಗೆ ಅಪ್ಪಣೆ ಕೊಡುವವರಿಗೆ

ಗಾಂಧಿನಗರದ ಸರ್ದಾರ್ ಸರೋವರ ನರ್ಮದಾ ನಿಗಮದ ಮಹನೀಯರೇ,

ಕಾವೇರಿ ಜಗಳದಲ್ಲೇ ಹುಟ್ಟಿ ಬೆಳೆದ ಕನ್ನಡಿಗನ ಸಾಷ್ಟಾಂಗ ನಮಸ್ಕಾರ. ಮಳೆ ಕೈಕೊಟ್ಟರೆ ನಮ್ಮ ಮಂಡ್ಯದಲ್ಲಿ ರಸ್ತೆ ಬಂದ್ ಆಗುತ್ತದೆ. ನೀವು ನದಿಯನ್ನೇ ಬಂದ್ ಮಾಡಿ ಚಪ್ಪಾಳೆ ಗಿಟ್ಟಿಸಿದವರು. ಆ ವಿದ್ಯೆ ನಮಗೂ ಸ್ವಲ್ಪ ಹೇಳಿಕೊಡಿ.

ಅಹಮದಾಬಾದಿನ ರಿವರ್‌ಫ್ರಂಟಿನಲ್ಲಿ ಸಾಬರಮತಿ ದಡದಿಂದ ದಡಕ್ಕೆ ತುಂಬಿ ನಿಂತಿದೆ. ಹೆಸರು ಸಾಬರಮತಿ, ನೀರು ನರ್ಮದೆಯದು: ಮುಖ್ಯ ಕಾಲುವೆಯಿಂದ ಬಿಟ್ಟು, ವಾಸಣಾ ಬ್ಯಾರೇಜಿನಲ್ಲಿ ತಡೆದದ್ದು. ಅತ್ತ ಭರೂಚ್‌ನಲ್ಲಿ ನರ್ಮದೆಗೇ ನೀರಿಲ್ಲದೆ ಸಮುದ್ರ ಒಳನುಗ್ಗಿತು, ಬೋರ್‌ವೆಲ್ಲುಗಳು ಉಪ್ಪಾದವು, ಮೀನುಗಾರರ ಬಲೆಗೆ ಹಿಲ್ಸಾ ಅಪರೂಪವಾಯಿತು. ಇರಲಿ, ಅಲ್ಲಿ ಸೆಲ್ಫಿ ತೆಗೆಯುವವರು ಕಡಿಮೆ.

ಕರೆಂಟಿನ ಲೆಕ್ಕವಂತೂ ಇನ್ನೂ ಸೊಗಸು. ನಿಮ್ಮ ಸರ್ದಾರ್ ಸರೋವರ ಅಣೆಕಟ್ಟಿನ ಬುಡದ 1200 ಮೆಗಾವಾಟ್ ಯಂತ್ರಗಳು ತಿರುಗಿದರೆ ನೀರು ಕೆಳಗಿನ ನದಿಗೆ ಹೋಗುತ್ತದೆ. ಆ ಕರೆಂಟಿನಲ್ಲಿ ನರ್ಮದಾ ನೀರಿನ ಜಗಳದ ನ್ಯಾಯಮಂಡಳಿ 1979ರಲ್ಲಿ ಬರೆದಂತೆ ಮಧ್ಯಪ್ರದೇಶಕ್ಕೆ ಶೇ. 57, ಮಹಾರಾಷ್ಟ್ರಕ್ಕೆ 27, ನಿಮಗೆ ಬರೀ 16. ನೆರೆಯವರ ಮನೆಯ ದೀಪಕ್ಕೆ ಯಾರು ತಾನೇ ನೀರು ಸುರಿಯುತ್ತಾರೆ? 2019ರಲ್ಲಿ ಜಲಾಶಯ 138.68 ಮೀಟರ್ ಮಟ್ಟಕ್ಕೆ ತುಂಬಲಿ ಎಂದು ನೀವು ಆ ಯಂತ್ರಗಳನ್ನು ನಿಲ್ಲಿಸಲು ಹಟ ಹಿಡಿದಿರಿ, ಭೋಪಾಲ ಬೊಬ್ಬೆ ಹಾಕಿತು. ವಡೋದರಾದಲ್ಲಿ ಕಾಲುವೆಯ ಮೇಲೇ ಹಾಸಿದ 10 ಮೆಗಾವಾಟ್ ಸೋಲಾರ್ ಫಲಕಗಳ ಗುಟ್ಟು ನನಗೆ ಆಗ ಹೊಳೆಯಿತು. ಸೂರ್ಯನಿಗಿನ್ನೂ ನ್ಯಾಯಮಂಡಳಿ ಇಲ್ಲವಲ್ಲ!

ಕೆಆರ್‌ಎಸ್ ತುಂಬಿದ ಮೇಲೆ ನಮ್ಮ ಮುಖ್ಯಮಂತ್ರಿಗಳು ಬಾಗಿನದ ದಿನ ಗೊತ್ತುಮಾಡುತ್ತಾರೆ. ನಿಮ್ಮಲ್ಲಿ ದಿನ ಮೊದಲು, ತುಂಬುವುದು ಆಮೇಲೆ ಎಂಬ ಅನುಮಾನ ನನ್ನದು. 2019ರ ಸೆಪ್ಟೆಂಬರ್ 17ರ ಹೊತ್ತಿಗೆ, ಅಂದರೆ ಪ್ರಧಾನಿಯವರ ಹುಟ್ಟುಹಬ್ಬಕ್ಕೆ, ಜಲಾಶಯ ತುಂಬಿತು. 2023ರಲ್ಲಿ ಅದೇ ದಿನ ಲಕ್ಷಗಟ್ಟಲೆ ಕ್ಯೂಸೆಕ್ ಹರಿದು ಭರೂಚ್, ಅಂಕಲೇಶ್ವರ ಮುಳುಗಿದವು. ಸಮಾರಂಭಕ್ಕೆಂದೇ ನೀರು ಹಿಡಿದಿಟ್ಟಿರಿ ಎಂದು ವಿರೋಧ ಪಕ್ಷದವರು ದೂರಿದರು. ಸರ್ಕಾರ ಮಳೆಯತ್ತ ಬೆರಳು ತೋರಿಸಿತು.

ಸೂರತ್‌ನವರು ಈ ಮಾತಿಗೆ ಕಹಿನಗೆ ನಗುತ್ತಾರೆ. ಅವರ ಮೇಲ್ಗಡೆ ತಾಪಿ ನದಿಗೆ ಕಟ್ಟಿದ ಉಕಾಯಿ ಅಣೆಕಟ್ಟು ನಿಮ್ಮ ಸುಪರ್ದಿನದಲ್ಲ, ನಿಜ. ಆದರೆ ತುಂಬಿದ ಜಲಾಶಯ ಕರೆಂಟಿಗೆ ಎಷ್ಟು ಚೆನ್ನವೋ ಪ್ರವಾಹಕ್ಕೆ ಅಷ್ಟೇ ಅಪಾಯ ಎಂಬ ಪಾಠವನ್ನು ಅವರು 2006ರ ಆಗಸ್ಟಿನಲ್ಲೇ ನೀರಿನೊಳಗೆ ನಿಂತು ಕಲಿತಿದ್ದಾರೆ. ಅವತ್ತು ಹರಿಬಿಟ್ಟದ್ದು ಸುಮಾರು 9 ಲಕ್ಷ ಕ್ಯೂಸೆಕ್.

ಒಂದೇ ಅರಿಕೆ. ಈ ವರ್ಷ ಜಲಾಶಯ ತುಂಬುವ ಮುಹೂರ್ತ ಗೊತ್ತಾಗಿದ್ದರೆ ಭರೂಚ್‌ನವರಿಗೂ ಒಂದು ಆಮಂತ್ರಣ ಪತ್ರಿಕೆ ಹಾಕಿ. ನೆಲಮಹಡಿಯ ಫ್ರಿಜ್ಜು, ಅಕ್ಕಿಮೂಟೆ ಮೇಲೆ ಸಾಗಿಸಲು ಅವರಿಗೆ ಒಂದು ರಾತ್ರಿ ಸಾಕು.

ಇಂತಿ ತಮ್ಮ ವಿಧೇಯ,
ಕಾವೇರಿ ತೀರದವನು